ಕೇಳಿದ್ದು ಮೂರು, ಉತ್ತರ "ನೋಟೆಡ್ ಸರ್": ಇಮೇಲ್‌ಗೆ ರಿಪ್ಲೈ ಮಾಡುವ ಕ್ರಮದ ಬಗ್ಗೆ ಸ್ವಲ್ಪ ಮಾತಾಡುವ

ಬೈಕಂಪಾಡಿ_ಡೆಸ್ಕ್

ಎಲ್ರಿಗೂ ನಮಸ್ಕಾರ. ನಾನು ಗೇರುಬೀಜ ಎಕ್ಸ್‌ಪೋರ್ಟ್ ಆಫೀಸಲ್ಲಿ ಡಾಕ್ಯುಮೆಂಟ್ಸ್ ನೋಡಿಕೊಳ್ಳುದು, ಬೆಳಿಗ್ಗೆ ಕೂತ್ರೆ ಸಂಜೆವರೆಗೆ ಮೇಲ್ ಓದುದು, ಮೇಲ್ ಬರೆಯುದು, ಇದೇ ಕೆಲಸ. ಗ್ರಾಮರ್ ತಪ್ಪಿದ್ರೆ, ಸ್ಪೆಲ್ಲಿಂಗ್ ಹೋದ್ರೆ ನಂಗೆ ಏನೂ ಬೇಜಾರಿಲ್ಲ ಮಾರ್ರೆ, ಅರ್ಥ ಆದ್ರೆ ಸಾಕು. ಆದ್ರೆ ಕೇಳಿದ್ದಕ್ಕೆ ಉತ್ತರ ಬಾರದಿದ್ರೆ ಮಾತ್ರ ಮಂಡೆ ಬಿಸಿ ಆಗ್ತದೆ. ಮೊನ್ನೆದೇ ಹೇಳ್ತೇನೆ, ಟ್ರಾನ್ಸ್‌ಪೋರ್ಟಿನವ್ರಿಗೆ ಒಂದು ಮೇಲ್ ಹಾಕಿದ್ದು: ಖಾಲಿ ಕಂಟೇನರ್ ಫ್ಯಾಕ್ಟರಿಗೆ ಎಷ್ಟು ಗಂಟೆಗೆ ಬರ್ತದೆ, ಪಣಂಬೂರು ಬಂದರಲ್ಲಿ ಗೇಟ್ ಕಟಾಫ್, ಅಂದ್ರೆ ಕಂಟೇನರ್ ಒಳಗೆ ಬಿಡುವ ಕೊನೇ ಹೊತ್ತು, ಯಾವಾಗ, ಬಿಎಲ್ (ಹಡಗಿಗೆ ಹಾಕಿದ ಸರಕಿಗೆ ಕೊಡುವ ದಾಖಲೆ) ಡ್ರಾಫ್ಟ್ ಯಾವತ್ತು ಕಳಿಸ್ತೀರಿ. ಮೂರೇ ಪ್ರಶ್ನೆ, ಒಂದು ಎರಡು ಮೂರು ಅಂತ ನಂಬರ್ ಹಾಕಿಯೇ ಕೇಳಿದ್ದು. ಬಂದ ಉತ್ತರ "ನೋಟೆಡ್ ಸರ್". ಎಂತ ನೋಟ್ ಮಾಡಿಕೊಂಡದ್ದು ಅಂತ ನಾನು ತಿಳ್ಕೊಳ್ಳುದು ಹೇಗೆ? ಇಲ್ಲಿ ಲೋಡಿಂಗಿನ ಜನ ಮಧ್ಯಾಹ್ನ ಊಟ ಆದ ಮೇಲೆ ನಿಲ್ಲುದಾ ಮನೆಗೆ ಹೋಗುದಾ ಅಂತ ಕಾಯ್ತಾ ಇರ್ತಾರೆ, ಅದ್ರಲ್ಲಿ ಸುಮಾರು ಹೆಂಗಸ್ರಿಗೆ ಬಜ್ಪೆ ಕಡೆಗೆ ಹೋಗುವ ಬಸ್ ತಪ್ಪಿದ್ರೆ ಇನ್ನೊಂದಕ್ಕೆ ಕಾಯ್ಬೇಕು. ಒಂದು ಸಾಲಿನ ರಿಪ್ಲೈ ಸರಿ ಇಲ್ಲದಿದ್ರೆ ಎಷ್ಟು ಜನ ಕಾಯ್ತಾರೆ ಅಂತ ಆಚೆ ಕಡೆಯವ್ರಿಗೆ ಕಾಣುದಿಲ್ಲ.

ಇನ್ನೊಂದು ನಮೂನೆ ಉಂಟು. ಹೊರದೇಶದ ಪಾರ್ಟಿಗೆ ಒಂದೇ ಮೇಲಲ್ಲಿ ಎರಡು ಗ್ರೇಡಿನ ರೇಟ್ ಕೊಟ್ಟಿರ್ತೇವೆ, ಡಬ್ಲ್ಯೂ 240 ಮತ್ತು ಡಬ್ಲ್ಯೂ 320. ಗೊತ್ತಿಲ್ಲದವ್ರಿಗೆ ಹೇಳುದಾದ್ರೆ 320 ಅಂದ್ರೆ ಒಂದು ಪೌಂಡಿಗೆ 300ರಿಂದ 320 ಬೀಜ ಬರುವಂಥದ್ದು, 240 ಅಂದ್ರೆ 220ರಿಂದ 240, ಅಂದ್ರೆ ಬೀಜ ದೊಡ್ಡದು, ರೇಟೂ ಜಾಸ್ತಿ. ಅದಕ್ಕೆ ಉತ್ತರ "ಓಕೆ, ಕನ್ಫರ್ಮ್ಡ್". ಯಾವುದು ಕನ್ಫರ್ಮ್? ಪುನಃ ಕೇಳ್ಬೇಕು, ಅವ್ರ ದೇಶದಲ್ಲಿ ಆಗ ರಾತ್ರಿ, ಉತ್ತರ ಬರುದು ಮಾರನೇ ದಿನ, ಅಷ್ಟರಲ್ಲಿ ರೇಟೇ ಬದಲಾಗಿರ್ತದೆ.

ನನ್ನ ಪ್ರಕಾರ ರಿಪ್ಲೈ ಓದಿದವ ಪುನಃ ಕೇಳುವ ಹಾಗೆ ಆಗ್ಬಾರ್ದು, ಮರ್ಯಾದೆ ಅಂದ್ರೆ ಅದೇ. "ಡಿಯರ್ ಸರ್", "ವಾರ್ಮ್ ರಿಗಾರ್ಡ್ಸ್" ಎಲ್ಲ ಆಮೇಲೆ. ನಿಮ್ಮ ನಿಮ್ಮ ಆಫೀಸಲ್ಲಿ ಹೇಗೆ ನಡೀತದೆ ಹೇಳಿ.

ಟಪಾಲು_ಸೆಕ್ಷನ್

ಬಹಳ ಒಳ್ಳೆಯ ವಿಷಯ ಎತ್ತಿದ್ದೀರಿ. ನಾನು ಬ್ಯಾಂಕಿನಲ್ಲಿ ಇದ್ದು ನಿವೃತ್ತನಾದವ, ಈಗ ಉಡುಪಿಯಲ್ಲಿ ವಾಸ. ನಮ್ಮ ಕಾಲದಲ್ಲಿ ಬ್ರಾಂಚಿಗೆ ಬಂದ ಪ್ರತಿಯೊಂದು ಕಾಗದಕ್ಕೂ ಇನ್‌ವರ್ಡ್ ರಿಜಿಸ್ಟರಿನಲ್ಲಿ ನಂಬರ್ ಬೀಳುತ್ತಿತ್ತು, ಮ್ಯಾನೇಜರು ಬೆಳಿಗ್ಗೆ ಟಪಾಲು ಬಿಡಿಸಿ ಯಾರ ಟೇಬಲಿಗೆ ಹೋಗಬೇಕು ಎಂದು ಬರೆದು ಸಹಿ ಹಾಕುವರು. ಉತ್ತರ ಬರೆಯುವಾಗ ಮೇಲ್ಗಡೆ "ವಿಷಯ", ಅದರ ಕೆಳಗೆ "ಉಲ್ಲೇಖ: ತಮ್ಮ ಇಂಥ ದಿನಾಂಕದ ಪತ್ರ". ಈ ಎರಡು ಸಾಲು ನೋಡಿದರೆ ಸಾಕು, ಓದುವವರಿಗೆ ಹಳೆ ಫೈಲು ತೆಗೆಯಬೇಕಾಗಿರಲಿಲ್ಲ. ಈಗ ಮೇಲಿನಲ್ಲಿ ಹಳೆಯದು ಕೆಳಗೆ ತಾನಾಗಿಯೇ ಇರುತ್ತದೆ, ಅಷ್ಟು ಅನುಕೂಲ ಇದ್ದೂ "ಓಕೆ" ಎಂದು ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ.

ಮತ್ತೊಂದು ಪದ್ಧತಿ ಇತ್ತು, ಮಧ್ಯಂತರ ಉತ್ತರ. ಸಾಲದ ಅರ್ಜಿ ಹೆಡ್ ಆಫೀಸಿಗೆ ಹೋಗಿದ್ದರೆ "ನಿಮ್ಮ ಪತ್ರ ತಲುಪಿದೆ, ಮೇಲಿನ ಕಚೇರಿಗೆ ಕಳಿಸಿದ್ದೇವೆ, ಬಂದ ಕೂಡಲೇ ತಿಳಿಸುತ್ತೇವೆ" ಎಂದು ಒಂದು ಕಾರ್ಡು ಹಾಕುವುದು. ಪಾಪ, ಹಳ್ಳಿಯವರು ಆ ಕಾರ್ಡನ್ನು ಜೋಪಾನವಾಗಿ ಇಟ್ಟುಕೊಂಡು ಬರುತ್ತಿದ್ದರು. ಅದರಲ್ಲಿ ತೀರ್ಮಾನ ಏನೂ ಇಲ್ಲ, ಆದರೂ ನಮ್ಮ ಕಾಗದ ಎಲ್ಲಿ ಉಂಟು ಎಂದು ಗೊತ್ತಾಯಿತಲ್ಲ.

ಕಂಕನಾಡಿ_ಸಿಸ್ಟಮ್ಸ್

ಟಪಾಲು ಸರ್, ನೀವು ಹೇಳಿದ ಮಧ್ಯಂತರ ಉತ್ತರ ಇಂಟರ್ನೆಟ್ಟಿನ ಹಳೆ ನಿಯಮದಲ್ಲೂ ಉಂಟು. 1995ರ ಅಕ್ಟೋಬರಲ್ಲಿ ಆರ್‌ಎಫ್‌ಸಿ 1855 ಅಂತ ಒಂದು ಡಾಕ್ಯುಮೆಂಟ್ ಬಂತು, ಇಂಟೆಲ್ ಕಂಪೆನಿಯ ಸ್ಯಾಲಿ ಹ್ಯಾಂಬ್ರಿಡ್ಜ್ ಬರೆದದ್ದು, ನೆಟ್ಟಲ್ಲಿ ಹೇಗೆ ನಡ್ಕೊಳ್ಬೇಕು ಅಂತಲೇ ಬರೆದದ್ದು. ಮುಖ್ಯ ಮೇಲ್ ಬಂದ್ರೆ ತಲುಪಿತು ಅಂತ ಚಿಕ್ಕ ಉತ್ತರ ಕೂಡ್ಲೇ ಹಾಕಿ, ಉದ್ದದ್ದು ಆಮೇಲೆ ಬರೀರಿ ಅಂತ ಅದ್ರಲ್ಲಿ ಉಂಟು. ಪೂರಾ ಕ್ಯಾಪಿಟಲ್ ಅಕ್ಷರದಲ್ಲಿ ಬರೆದ್ರೆ ಬೊಬ್ಬೆ ಹೊಡೆದ ಹಾಗೆ ಆಗ್ತದೆ ಅಂತಲೂ ಉಂಟು, ಸಿಗ್ನೇಚರ್ ನಾಲ್ಕು ಸಾಲು ಮೀರುದು ಬೇಡ ಅಂತಲೂ. ಈಗ ಕೆಲವ್ರ ಸಿಗ್ನೇಚರಲ್ಲಿ ಲೋಗೋ, ಅವಾರ್ಡಿನ ಫೋಟೋ, ಹಬ್ಬದ ಶುಭಾಶಯ, ಹತ್ತು ಸಾಲಿನ ಲೀಗಲ್ ನೋಟಿಸ್, ಉತ್ತರ ಒಂದೇ ಸಾಲು. ಮೊಬೈಲಲ್ಲಿ ಓದುವವ್ರು ಆ ಒಂದು ಸಾಲು ಹುಡುಕ್ಬೇಕು.

ಬೈಕಂಪಾಡಿಯವ್ರ ಪ್ರಶ್ನೆಗೆ ನನ್ನ ಅಭಿಪ್ರಾಯ: ಮೂರು ಪ್ರಶ್ನೆ ಕೇಳಿದ್ರೆ ಪ್ರತಿ ಪ್ರಶ್ನೆಯ ಕೆಳಗೇ ಉತ್ತರ ಬರೀಬೇಕು. ಮೇಲ್ಗಡೆ ಒಟ್ಟಿಗೆ ಬರೆದ್ರೆ ಒಂದು ಬಿಟ್ಟುಹೋಗುದು ಗ್ಯಾರಂಟಿ.

ಮಲ್ಪೆ_ಐಸ್‌ಪ್ಲಾಂಟ್

ನಂಗೆ ಒಂದು ಅರ್ಥ ಆಗುದಿಲ್ಲ, ಇಷ್ಟೆಲ್ಲ ಎಂತಕ್ಕೆ? ಒಂದು ಫೋನ್ ಮಾಡಿ ಕೇಳಿದ್ರೆ ಎರಡು ನಿಮಿಷದಲ್ಲಿ ಮುಗೀತದೆ. ನಮ್ಮಲ್ಲಿ ಬೋಟ್ ಬಂತು, ಐಸ್ ಬೇಕು, ಎಷ್ಟು ಬೇಕು, ಎಲ್ಲ ಫೋನಲ್ಲೇ. ಮೇಲ್ ಹಾಕಿ ಕಾಯುವಷ್ಟು ಪುರುಸೊತ್ತು ಯಾರಿಗುಂಟು.

ಬೈಕಂಪಾಡಿ_ಡೆಸ್ಕ್

ಅಣ್ಣ, ಫೋನ್ ಬೇಡ ಅಂತ ನಾನೂ ಹೇಳುದಿಲ್ಲ, ಅಂಬ್ರೆಪು (ಅರ್ಜೆಂಟ್) ಇದ್ರೆ ನಾನೂ ಫೋನೇ ಮಾಡುದು. ಆದ್ರೆ ಫೋನಲ್ಲಿ ಹೇಳಿದ್ದು ನಂಗೆ ಗೊತ್ತು, ನಿಮಗೆ ಗೊತ್ತು, ನಾಳೆ ನಾನು ರಜೆ ಹಾಕಿದ್ರೆ ನನ್ನ ಕುರ್ಚಿಯಲ್ಲಿ ಕೂತವ್ರಿಗೆ ಗೊತ್ತಿರುದಿಲ್ಲ. ಅದಕ್ಕೆ ಫೋನ್ ಇಟ್ಟ ಕೂಡ್ಲೇ "ಈಗ ಮಾತಾಡಿದ ಪ್ರಕಾರ ಕಂಟೇನರ್ ಮೂರು ಗಂಟೆಗೆ" ಅಂತ ಅದೇ ಮೇಲಿಗೆ ರಿಪ್ಲೈ ಹಾಕಿಬಿಟ್ರೆ ಎಲ್ರಿಗೂ ಒಳ್ಳೇದು. ಹಾಗೆ ಮಾಡುವವ್ರು ಒಂದಿಬ್ರು ಇದ್ದಾರೆ ನಮ್ಮ ಲಿಸ್ಟಲ್ಲಿ, ಅವ್ರ ಹೆಸ್ರು ಇನ್‌ಬಾಕ್ಸಲ್ಲಿ ಕಂಡ್ರೇ ಒಂದು ನೆಮ್ಮದಿ.

ಮಲ್ಪೆ_ಐಸ್‌ಪ್ಲಾಂಟ್

ಅದು ಹೌದು, ಒಪ್ಪಿದೆ. ಬಿಲ್ಲಿನ ವಿಷಯದಲ್ಲಿ ನಮಗೂ ಆಗುದು ಅದೇ ರಗಳೆ, ಫೋನಲ್ಲಿ ಒಂದು ರೇಟ್ ಹೇಳಿದ್ದು ತಿಂಗಳ ಕೊನೆಗೆ ಯಾರಿಗೂ ನೆನಪಿರುದಿಲ್ಲ.

ಕೋರ್ಟ್‌ರೋಡ್_ಜೂನಿಯರ್

ಇದ್ರಲ್ಲಿ ಕಾನೂನಿನ ಮಾತೂ ಉಂಟು, ಸಣ್ಣದಾಗಿ ಹೇಳ್ತೇನೆ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ದ್ದು, ಅದ್ರ 12ನೇ ಸೆಕ್ಷನ್ ಇರುದೇ ತಲುಪಿದ್ದಕ್ಕೆ ಸ್ವೀಕೃತಿ ಕೊಡುವ ಬಗ್ಗೆ, 13ನೇದು ಎಲೆಕ್ಟ್ರಾನಿಕ್ ದಾಖಲೆ ಯಾವಾಗ ಹೋಯ್ತು ಯಾವಾಗ ತಲುಪಿತು ಅನ್ನುವ ಬಗ್ಗೆ. ಬೇರೆ ಒಪ್ಪಂದ ಇಲ್ಲದಿದ್ರೆ, ಇದೇ ಅಡ್ರೆಸಿಗೆ ಕಳಿಸಿ ಅಂತ ನೀವು ಕೊಟ್ಟ ಅಡ್ರೆಸಿನ ಸಿಸ್ಟಮಿಗೆ ಮೇಲ್ ಹೊಕ್ಕ ಹೊತ್ತೇ ತಲುಪಿದ ಹೊತ್ತು, ನೀವು ತೆಗೆದು ಓದಿದ್ದು ಯಾವಾಗ ಅಂತ ಅಲ್ಲ. ಹಾಗಾಗಿ "ನಾನು ಮೇಲ್ ನೋಡ್ಲೇ ಇಲ್ಲ" ಅಂತ ಸುಮ್ಮನೆ ಕೂರುದು ವ್ಯವಹಾರದಲ್ಲಿ ನಿಮಗೇ ಒಳ್ಳೇದಲ್ಲ. ಮತ್ತೆ, ಸ್ವೀಕೃತಿ ಬಂದ್ರೆ ಮಾತ್ರ ಇದಕ್ಕೆ ನಾನು ಬದ್ಧ ಅಂತ ಕಳಿಸಿದವ್ರು ಮೊದ್ಲೇ ಬರೆದಿದ್ರೆ, ಸ್ವೀಕೃತಿ ಬರುವವರೆಗೆ ಅವ್ರು ಅದನ್ನು ಕಳಿಸಿಯೇ ಇಲ್ಲ ಅಂತ ಲೆಕ್ಕ. ರೇಟ್ ಕೊಡುವ ಬೈಕಂಪಾಡಿಯವ್ರಿಗೆ ಈ ಸಾಲು ಉಪಯೋಗ ಆಗ್ಬಹುದು.

ಕದ್ರಿ_ಫ್ಲಾಟ್_ಅಕ್ಕ

ಎಲ್ರೂ ಉತ್ತರ ಕೊಡದವ್ರ ಬಗ್ಗೆ ಹೇಳ್ತಾ ಇದ್ದೀರಿ, ನನ್ನ ಕಷ್ಟ ಬೇರೆ, ಉತ್ತರ ಎಲ್ರಿಗೂ ಕೊಡುವವ್ರದ್ದು. ನಾನು ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಶನ್ನಿನ ಸೆಕ್ರೆಟರಿ. ಟ್ಯಾಂಕ್ ಕ್ಲೀನಿಂಗಿಗೆ ಭಾನುವಾರ ನೀರು ಇರುದಿಲ್ಲ ಅಂತ ಎಲ್ಲ ಫ್ಲಾಟಿಗೂ ಒಂದು ಮೇಲ್ ಹಾಕಿದ್ದು. ಒಬ್ರು ರಿಪ್ಲೈ ಆಲ್ ಒತ್ತಿ "ಥ್ಯಾಂಕ್ಸ್", ಇನ್ನೊಬ್ರು ರಿಪ್ಲೈ ಆಲಲ್ಲೇ "ನಮ್ಮ ಲಿಫ್ಟ್ ಯಾವಾಗ ಸರಿ ಆಗುದು", ಮತ್ತೊಬ್ರು ಅದಕ್ಕೆ ಉತ್ತರವಾಗಿ ಮೇಂಟೆನೆನ್ಸ್ ಬಾಕಿ ಇಟ್ಟವ್ರ ಫ್ಲಾಟ್ ನಂಬರ್ ಎಲ್ಲ ಹಾಕಿಬಿಟ್ರು. ಎಲ್ರ ಎದ್ರು! ಅದ್ರಲ್ಲಿ ಒಬ್ರ ಯಜಮಾನ್ರು ಆಸ್ಪತ್ರೆಯಲ್ಲಿ ಇದ್ರು, ಬಾಕಿ ಆದದ್ದು ಅದೇ ಕಾರಣಕ್ಕೆ, ಕಮಿಟಿಗೆ ಮೊದ್ಲೇ ಹೇಳಿದ್ರು ಕೂಡ. ಆ ಅಮ್ಮ ಆಮೇಲೆ ಮೀಟಿಂಗಿಗೆ ಬರುದೇ ನಿಲ್ಸಿದ್ರು. ಮಾತು ಬಾಯಿಂದ ಬಂದ್ರೆ ನಾಲ್ಕು ಜನ ಕೇಳಿ ಮರೀತಾರೆ, ಇದು ಎಲ್ರ ಫೋನಲ್ಲೂ ಹಾಗೇ ಕೂತಿರ್ತದೆ.

ಒಬ್ರಿಗೆ ಹೇಳ್ಬೇಕಾದ್ದು ಒಬ್ರಿಗೇ ಹೇಳಿ. ಇಷ್ಟೇ ನಾನು ಕೇಳುದು.

ಕಂಕನಾಡಿ_ಸಿಸ್ಟಮ್ಸ್

ಅಕ್ಕ, ಇದು ದೊಡ್ಡ ದೊಡ್ಡ ಕಡೆಯೂ ಆದದ್ದೇ. 2016ರ ನವೆಂಬರಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಮೇಲ್ ವ್ಯವಸ್ಥೆಯಲ್ಲಿ ಒಂದು ಟೆಸ್ಟ್ ಮೇಲ್ ಹೆಚ್ಚುಕಡಿಮೆ 8 ಲಕ್ಷದ 40 ಸಾವಿರ ಜನಕ್ಕೆ ಹೋಯ್ತು, ಅದಕ್ಕೆ "ನನ್ನ ಹೆಸ್ರು ತೆಗೀರಿ" ಅಂತ ಜನ ರಿಪ್ಲೈ ಆಲ್ ಒತ್ತಿ ಒತ್ತಿ ಇಡೀ ಮೇಲ್ ನಿಧಾನ ಆಗಿಹೋಯ್ತು. 1997ರಲ್ಲಿ ಮೈಕ್ರೋಸಾಫ್ಟ್ ಕಂಪೆನಿಯ ಒಳಗೇ ಹೀಗೆ ಆಗಿತ್ತು. ದಯವಿಟ್ಟು ರಿಪ್ಲೈ ಆಲ್ ಮಾಡ್ಬೇಡಿ ಅಂತ ರಿಪ್ಲೈ ಆಲಲ್ಲೇ ಬರೆದವ್ರಿಂದ ಅದು ಇನ್ನಷ್ಟು ಬೆಳೀತದೆ.

ನಿಮಗೆ ಮಾಡ್ಲಿಕ್ಕೆ ಆಗುವಂಥದ್ದು ಒಂದುಂಟು: ಫ್ಲಾಟಿನವ್ರ ಅಡ್ರೆಸ್ ಎಲ್ಲ ಬಿಸಿಸಿಯಲ್ಲಿ ಹಾಕಿ, ಟು ಜಾಗದಲ್ಲಿ ಅಸೋಸಿಯೇಶನ್ ಅಡ್ರೆಸ್. ಆಗ ಯಾರು ರಿಪ್ಲೈ ಆಲ್ ಒತ್ತಿದ್ರೂ ನಿಮಗೆ ಮಾತ್ರ ಬರುದು, ಒಬ್ರ ಅಡ್ರೆಸ್ ಇನ್ನೊಬ್ರಿಗೆ ಕಾಣುದೂ ಇಲ್ಲ.

ಕದ್ರಿ_ಫ್ಲಾಟ್_ಅಕ್ಕ

ಆಯ್ತು, ಮುಂದಿನ ಸರ್ಕ್ಯುಲರ್ ಹಾಗೇ ಹಾಕ್ತೇನೆ. ಥ್ಯಾಂಕ್ಸ್ ತಮ್ಮ.

ದುಬೈಲಿರುವ_ಕುಡ್ಲದವ

ರಿಪ್ಲೈ ಲೇಟಾಯ್ತು ಅಂತ ಬೈಯುವ ಮೊದ್ಲು ಗಡಿಯಾರ ಒಮ್ಮೆ ನೋಡಿ ಅಂತ ಊರಿನವ್ರಲ್ಲಿ ನನ್ನ ವಿನಂತಿ. ನಾವು ಒಂದೂವರೆ ಗಂಟೆ ಹಿಂದೆ, ಸೌದಿ ಕುವೈತ್ ಎರಡೂವರೆ ಗಂಟೆ ಹಿಂದೆ. ನೀವು ಒಂಬತ್ತು ಗಂಟೆಗೆ ಆಫೀಸ್ ತೆಗೆದು ಮೇಲ್ ಹಾಕಿ ಹತ್ತಕ್ಕೆ ರಿಮೈಂಡರ್ ಹಾಕಿದ್ರೆ ಸೌದಿಯಲ್ಲಿ ಏಳೂವರೆ, ಹೆಚ್ಚಿನವ್ರು ಇನ್ನೂ ಆಫೀಸ್ ದಾರಿಯಲ್ಲಿ. ರಜೆಯೂ ಬೇರೆ, ಯುಎಇಯಲ್ಲಿ 2022ರ ಜನವರಿಯಿಂದ ಸರ್ಕಾರಿ ಕಚೇರಿಗೆ ಶನಿವಾರ ಆದಿತ್ಯವಾರ ರಜೆ, ಶುಕ್ರವಾರ ಅರ್ಧ ದಿನ, ಸುಮಾರು ಕಂಪೆನಿಗಳೂ ಹಾಗೇ ಮಾಡಿಕೊಂಡವು. ಸೌದಿಯಲ್ಲಿ, ಕುವೈತಲ್ಲಿ ಈಗ್ಲೂ ಶುಕ್ರವಾರ ಶನಿವಾರ. ಗುರುವಾರ ಸಂಜೆ ಊರಿಂದ "ಅರ್ಜೆಂಟ್" ಅಂತ ಬಂದ ಮೇಲ್ ಅಲ್ಲಿಯವ್ರು ಓದುದು ಆದಿತ್ಯವಾರ, ಅವ್ರು ಕೊಟ್ಟ ಉತ್ತರ ನಿಮಗೆ ಸಿಗುದು ಸೋಮವಾರ. ಯಾರದ್ದೂ ತಪ್ಪಲ್ಲ. ಯಾವತ್ತಿಗೆ ಉತ್ತರ ಬೇಕು ಅಂತ ವಾರದ ಹೆಸ್ರು ಹಾಕಿ ಬರೆದ್ರೆ ಮೊದ್ಲೇ ಹುಷಾರಾಗ್ತಾರೆ. ನಾನು ರಜೆಯಲ್ಲಿ ಊರಿಗೆ ಬರುವಾಗ ಆಟೋ ರಿಪ್ಲೈ ಇಡುದು, ಇಂಥ ತಾರೀಕಿಗೆ ವಾಪಸ್, ಅಷ್ಟರವರೆಗೆ ಈ ಡಿಪಾರ್ಟ್‌ಮೆಂಟಿಗೆ ಬರೀರಿ ಅಂತ.

ಕುಂದಾಪ್ರ_ಬದಿಯವ

ಹ್ವಾಯ್, ನಂದು ಒಂದು ಪ್ರಶ್ನೆ. ಕನ್ನಡದಲ್ಲಿ ಬಂದ ಮೇಲಿಗೆ ಇಂಗ್ಲಿಷಲ್ಲಿ ಉತ್ತರ ಕೊಡುದು ಸರಿಯಾ? ನಾನು ಒಂದು ಸಂಘದ ಕೆಲಸ ಮಾಡುದು, ಮಕ್ಕಳಿಗೆ ಯಕ್ಷಗಾನ ತರಗತಿ ಎಲ್ಲ ಉಂಟು ನಮ್ಮಲ್ಲಿ. ಹಾಲ್ ಬೇಕು ಅಂತ ಚೆಂದ ಮಾಡಿ ಕನ್ನಡದಲ್ಲಿ ಬರೆದ್ರೆ ಬರುದು ಇಂಗ್ಲಿಷಲ್ಲಿ ಎರಡು ಸಾಲು. ಓದ್ಲಿಕ್ಕೆ ಬರ್ತದೆ ನಂಗೆ, ಆದ್ರೆ ನಮ್ಮ ಭಾಗವತ್ರಿಗೆ ತೋರಿಸಿದ್ರೆ ಅವ್ರಿಗೆ ಒಂಥರಾ ಪರಕೀಯ ಅನ್ನಿಸ್ತದೆ. ಕೇಳಿದ ಭಾಷೆಯಲ್ಲೇ ಉತ್ತರ ಕೊಡುದು ದೊಡ್ಡ ಮರ್ಯಾದೆ ಅಂತ ನಾನು ತಿಳ್ಕೊಂಡದ್ದು.

ಟಪಾಲು_ಸೆಕ್ಷನ್

ಸಂಪೂರ್ಣ ಒಪ್ಪುತ್ತೇನೆ. ಕನ್ನಡ ಬಲ್ಲವರು ಕನ್ನಡ ಪತ್ರಕ್ಕೆ ಕನ್ನಡದಲ್ಲೇ ಉತ್ತರಿಸಬೇಕು, ಎರಡನೇ ಮಾತಿಲ್ಲ.

ಕಂಕನಾಡಿ_ಸಿಸ್ಟಮ್ಸ್

ಒಪ್ಪಿದೆ, ಆದ್ರೆ ಒಂದು ಚೆಕ್ ಮಾಡಿ. ಕೆಲವು ಕಡೆ ಇನ್ನೂ "ನುಡಿ", "ಬರಹ" ಅನ್ನುವ ಕನ್ನಡ ಸಾಫ್ಟ್‌ವೇರಿನ ಹಳೆ ಫಾಂಟಲ್ಲಿ ಟೈಪ್ ಮಾಡಿ ಮೇಲಿಗೆ ಪೇಸ್ಟ್ ಮಾಡ್ತಾರೆ. ಆ ಫಾಂಟ್ ಇಲ್ಲದ ಫೋನಲ್ಲಿ ತೆಗೆದ್ರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಸೇರಿ ಅರ್ಥ ಇಲ್ಲದ ಸಾಲು ಕಾಣ್ತದೆ, ಅಕ್ಷರದ ಕೋಡೇ ಬೇರೆ ಅದ್ರಲ್ಲಿ. ಸಂಘದ ಪತ್ರ ಹಾಗೆ ಹೋಗಿದ್ರೆ ಆಚೆಯವ್ರು ಓದಿಯೇ ಇರ್ಲಿಕ್ಕಿಲ್ಲ, ಅಂದಾಜಿನ ಮೇಲೆ ಇಂಗ್ಲಿಷಲ್ಲಿ ಬರೆದಿರ್ಬಹುದು. ನುಡಿಯಲ್ಲೂ ಬರಹದಲ್ಲೂ ಯುನಿಕೋಡ್, ಅಂದ್ರೆ ಎಲ್ಲ ಕಡೆ ಒಂದೇ ಅಕ್ಷರ ಕೋಡ್, ಆ ಆಯ್ಕೆ ಉಂಟು, ಅದನ್ನು ಇಟ್ಟು ಟೈಪ್ ಮಾಡಿ. ಮೊಬೈಲಿನ ಕನ್ನಡ ಕೀಬೋರ್ಡಲ್ಲಿ ಟೈಪ್ ಮಾಡಿದ್ರೆ ಈ ತೊಂದ್ರೆ ಇಲ್ಲ. ಮತ್ತೆ ನಿಮಗೆ ಆ ನಮೂನೆ ಮೇಲ್ ಬಂದ್ರೆ ಸುಮ್ಮನೆ ಬಿಡ್ಬೇಡಿ, "ಅಕ್ಷರ ಸರಿ ಕಾಣುದಿಲ್ಲ, ಯುನಿಕೋಡಲ್ಲಿ ಇಲ್ಲಾ ಪಿಡಿಎಫ್ ಮಾಡಿ ಕಳಿಸಿ" ಅಂತ ಹೇಳಿ.

ಕುಂದಾಪ್ರ_ಬದಿಯವ

ಓಹೋ, ಇದು ಗೊತ್ತೇ ಇರ್ಲಿಲ್ಲ ಮರ್ರೆ. ನಮ್ಮ ಆಫೀಸಿನ ಕಂಪ್ಯೂಟರಲ್ಲಿ ಹಳೆ ನುಡಿಯೇ ಇರುದು. ನಾಳೆ ಹೋಗಿ ಮೊದ್ಲು ಅದು ನೋಡ್ತೇನೆ.

ಬೈಕಂಪಾಡಿ_ಡೆಸ್ಕ್

ಸಬ್ಜೆಕ್ಟ್ ಬಗ್ಗೆ ಯಾರೂ ಹೇಳ್ಲಿಲ್ಲ. ನಮ್ಮಲ್ಲಿ ಕೆಲವ್ರು ಹಳೆ ಯಾವುದೋ ಮೇಲ್ ತೆಗೆದು ಅದಕ್ಕೆ ರಿಪ್ಲೈ ಒತ್ತಿ ಬೇರೆಯೇ ವಿಷಯ ಬರೀತಾರೆ. ಸಬ್ಜೆಕ್ಟಲ್ಲಿ ಹೋದ ವರ್ಷದ ಇನ್‌ವಾಯ್ಸ್ ನಂಬರ್, ಒಳಗೆ ಇವತ್ತಿನ ಕಂಟೇನರ್. ಇದಕ್ಕೆ ವಿರುದ್ಧ ಇನ್ನೊಂದು ಪಾರ್ಟಿ, ಪ್ರತಿ ಉತ್ತರಕ್ಕೂ ಹೊಸ ಮೇಲ್, ಸಬ್ಜೆಕ್ಟ್ ಖಾಲಿ.

ಕಂಕನಾಡಿ_ಸಿಸ್ಟಮ್ಸ್

ಪ್ರತಿ ಮೇಲಿಗೂ ನಮಗೆ ಕಾಣದ ಹಾಗೆ ಒಂದು ಮೆಸೇಜ್ ಐಡಿ ಇರ್ತದೆ. ನೀವು ರಿಪ್ಲೈ ಒತ್ತಿದ್ರೆ ಆ ಐಡಿ ನಿಮ್ಮ ಉತ್ತರದ ಒಳಗೆ "ಇನ್ ರಿಪ್ಲೈ ಟು" ಅನ್ನುವ ಸಾಲಲ್ಲಿ ಹೋಗ್ತದೆ, ಅದನ್ನು ನೋಡಿಯೇ ಮೇಲ್ ಪ್ರೋಗ್ರಾಂ ಎಲ್ಲ ಒಟ್ಟಿಗೆ ಜೋಡಿಸುದು. ಹೊಸ ಮೇಲ್ ಬರೆದ್ರೆ ಆ ಕೊಂಡಿ ಇರುದಿಲ್ಲ, ಉತ್ತರ ಬೇರೆ ಎಲ್ಲೋ ಬಿದ್ದಿರ್ತದೆ. ಹಳೆ ಮೇಲಿಗೆ ಹೊಸ ವಿಷಯ ಹಾಕಿದ್ರೆ ಅದು ಹಳೇದರ ಅಡಿಗೆ ಹೋಗಿ ಮುಚ್ಚಿಹೋಗ್ತದೆ. ಹಾಗಾಗಿ ಅದೇ ವಿಷಯ ಆದ್ರೆ ರಿಪ್ಲೈ, ವಿಷಯ ಬೇರೆ ಆದ್ರೆ ಹೊಸ ಮೇಲ್, ಹೊಸ ಸಬ್ಜೆಕ್ಟ್.

ಆರನೇ_ಸೆಮ್

ಸುಮ್ಮನೆ ಓದ್ತಾ ಇದ್ದೆ, ನಂಗೆ ಒಂದು ಸಹಾಯ ಬೇಕು. ಮಂಗಳೂರಲ್ಲಿ ಇಂಜಿನಿಯರಿಂಗ್ ಮಾಡ್ತಾ ಇರುದು. ಇಂಟರ್ನ್‌ಶಿಪ್ ಬೇಕು ಅಂತ ಒಬ್ರು ಪ್ರೊಫೆಸರಿಗೆ ಮೇಲ್ ಹಾಕಿ ಎರಡು ವಾರ ಆಯ್ತು, ಉತ್ತರ ಇಲ್ಲ. ಪುನಃ ಕೇಳಿದ್ರೆ ಬೇಜಾರು ಮಾಡ್ಕೊಳ್ತಾರಾ? ಫ್ರೆಂಡ್ಸ್ ಎಲ್ಲ ಎಐ ಹತ್ರ ಬರೆಸಿ ಕಳಿಸು ಅಂತಾರೆ.

ಮಣಿಪಾಲ_ಲ್ಯಾಬ್

ನಾನು ಪಾಠ ಮಾಡುವವಳು, ನಿಮ್ಮಂಥವ್ರ ಮೇಲ್ ದಿನಾ ಬರ್ತದೆ, ಅದಕ್ಕೆ ಹೇಳ್ತೇನೆ. ಮೊದ್ಲು ನಮ್ಮ ಕಡೆಯ ಮಾತು: ಸೀಟ್ ಇಲ್ಲದಿದ್ರೆ ಇಲ್ಲ ಅಂತ ಎರಡು ಸಾಲು ಬರೀಬೇಕು. ಆ ಹುಡುಗ ಬೇರೆ ಕಡೆ ನೋಡಿಕೊಳ್ತಾನೆ. ಉತ್ತರ ಇಲ್ಲದ್ದೇ ಉತ್ತರ ಅಂತ ಮಕ್ಕಳು ತಿಳ್ಕೊಳ್ಬೇಕು ಅನ್ನುದು ಸರಿಯಲ್ಲ, ಅವ್ರು ದಿನಾ ಇನ್‌ಬಾಕ್ಸ್ ತೆಗೆದು ತೆಗೆದು ನೋಡ್ತಾ ಇರ್ತಾರೆ. ಇದನ್ನು ನಾನು ಸ್ಟಾಫ್ ರೂಮಲ್ಲೂ ಹೇಳ್ತೇನೆ.

ಇನ್ನು ನಿಮ್ಮದು. ಎರಡು ವಾರ ಆದ ಮೇಲೆ ಒಮ್ಮೆ ನೆನಪು ಮಾಡಿದ್ರೆ ಯಾರೂ ಬೇಜಾರು ಮಾಡುದಿಲ್ಲ, ಪರೀಕ್ಷೆ ಪೇಪರ್ ನೋಡುವ ಸಮಯದಲ್ಲಿ ಮೇಲ್ ಅಡಿಗೆ ಹೋಗಿರ್ತದೆ. "ಇನ್ನೂ ಉತ್ತರ ಬಂದಿಲ್ಲ" ಅಂತ ಶುರು ಮಾಡ್ಬೇಡಿ. ಎಐ ಬರೆದ ಮೇಲ್ ಒಂದು ಪುಟ ಇರ್ತದೆ, ಹೊಗಳಿಕೆಯೇ ಅರ್ಧ, ಯಾವ ತಿಂಗಳು ಬರ್ತೀರಿ ಅನ್ನುದೇ ಇರುದಿಲ್ಲ. ನಂಗೆ ಬೇಕಾದ್ದು ಅದೊಂದೇ.

ಆರನೇ_ಸೆಮ್

ಥ್ಯಾಂಕ್ಸ್ ಮೇಡಂ. ಹಾಗಾದ್ರೆ ಹೀಗೆ ಬರೀತೇನೆ, ನೋಡಿ: "ನಮಸ್ತೆ ಸರ್, ಇಂಟರ್ನ್‌ಶಿಪ್ ಬಗ್ಗೆ ನಾನು ಕಳಿಸಿದ ಮೇಲ್ ಕೆಳಗೆ ಇದೆ. ಜೂನ್ ಮತ್ತು ಜುಲೈ ಪೂರ್ತಿ ಬರಲು ಸಾಧ್ಯ. ಈ ವರ್ಷ ಅವಕಾಶ ಇಲ್ಲದಿದ್ದರೂ ತಿಳಿಸಿದರೆ ಉಪಕಾರವಾಗುತ್ತದೆ." ಸಾಕಾ?

ಮಣಿಪಾಲ_ಲ್ಯಾಬ್

ಸಾಕು, ಚೆನ್ನಾಗುಂಟು. ಕೆಳಗೆ ಹೆಸ್ರು, ಕಾಲೇಜು, ಸೆಮಿಸ್ಟರ್ ಹಾಕಿ. ಹಳೆ ಮೇಲಿಗೇ ರಿಪ್ಲೈ ಒತ್ತಿ ಕಳಿಸಿ, ಆದ್ರೆ ರೆಸ್ಯೂಮೆ ಪುನಃ ಅಟ್ಯಾಚ್ ಮಾಡ್ಬೇಕು, ಜಿಮೇಲಲ್ಲಿ ರಿಪ್ಲೈ ಒತ್ತಿದ್ರೆ ಹಳೆ ಅಟ್ಯಾಚ್‌ಮೆಂಟ್ ಒಟ್ಟಿಗೆ ಹೋಗುದಿಲ್ಲ. ಅವ್ರು ಆಗುದಿಲ್ಲ ಅಂತ ಬರೆದ್ರೂ ಒಂದು ಥ್ಯಾಂಕ್ಸ್ ಹಾಕಿ, ಮುಂದಿನ ವರ್ಷ ಹೆಸ್ರು ನೆನಪಿರ್ತದೆ.

ಬೈಕಂಪಾಡಿ_ಡೆಸ್ಕ್

ಥ್ಯಾಂಕ್ಸ್ ಮೇಲ್ ಸುಮ್ಮನೆ ಇನ್‌ಬಾಕ್ಸ್ ತುಂಬಿಸ್ತದೆ ಅಂತ ಹೇಳುವವ್ರು ಉಂಟು ಮೇಡಂ, ನಮ್ಮ ಆಫೀಸಲ್ಲೇ.

ಮಣಿಪಾಲ_ಲ್ಯಾಬ್

ದಿನಾ ಮಾತಾಡುವ ಟೇಬಲ್‌ನವ್ರಿಗೆ ಬೇಡ. ಗುರುತೇ ಇಲ್ಲದವ್ರು ನಮಗೋಸ್ಕರ ಸಮಯ ಮಾಡಿ ಉತ್ತರ ಕೊಟ್ಟಿದ್ರೆ ಖಂಡಿತ ಹಾಕ್ಬೇಕು, ಅವ್ರೊಬ್ರಿಗೇ, ರಿಪ್ಲೈ ಆಲ್ ಬೇಡ.

ಆರನೇ_ಸೆಮ್

ಆಯ್ತು ಮೇಡಂ. ಈಗ ರಾತ್ರಿ ಹನ್ನೊಂದೂವರೆ, ಶನಿವಾರ ಬೇರೆ. ಈಗ್ಲೇ ಕಳಿಸುದಾ?

ಕಂಕನಾಡಿ_ಸಿಸ್ಟಮ್ಸ್

ಬರೆದು ಶೆಡ್ಯೂಲ್ ಸೆಂಡಲ್ಲಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಇಡಿ, ಕಳಿಸು ಬಟನಿನ ಪಕ್ಕದ ಬಾಣದಲ್ಲಿ ಉಂಟು. ನಾಳೆ ಒಮ್ಮೆ ಓದಿ ಎಂತಾದ್ರೂ ಬದಲಾಯಿಸ್ಬೇಕಾದ್ರೆ ಕ್ಯಾನ್ಸಲ್ ಕೊಡಿ, ಡ್ರಾಫ್ಟಿಗೆ ವಾಪಸ್ ಬರ್ತದೆ.